ನಾನೇ ಎಳೆದ ಕಾಲಮ್ಮು

ಯುದ್ಧಕ್ಕೂ ಒಂದು ಕಟ್ಟುಪಾಡಿದೆ, ಕೊಲ್ಲಲು ಹೊರಟವನೂ ದಾಟಬಾರದ ಗೆರೆಯೊಂದಿದೆ ಎಂಬ ತಿಳಿವಳಿಕೆಯನ್ನು ಮನುಷ್ಯಕುಲ ಬಹಳ ರಕ್ತ ಸುರಿಸಿ ಸಂಪಾದಿಸಿಕೊಂಡಿದೆ. ನನಗೆ ಅದು ದಕ್ಕಿದ್ದು ಒಂದು ಮಧ್ಯಾಹ್ನದ ತರಬೇತಿಯಲ್ಲಿ, ಊಟವಾದ ಮೇಲೆ, ಫ್ಯಾನು ಕೆಟ್ಟ ಕೊಠಡಿಯಲ್ಲಿ. ಅರ್ಧ ಪಾಠ ನಿದ್ದೆಯಲ್ಲಿ ಕಳೆಯಿತು.

ಎಚ್ಚರವಿದ್ದ ಅರ್ಧದಲ್ಲಿ ಕೇಳಿಸಿಕೊಂಡದ್ದು ಇಷ್ಟು. ಯುದ್ಧದ ಕಾನೂನು ಸರ್ಕಾರದ ಸೈನ್ಯಕ್ಕೆ ಮಾತ್ರವಲ್ಲ, ಸರ್ಕಾರದ ಮೇಲೆ ಬಂದೂಕು ಎತ್ತಿದ ಬಂಡುಕೋರರಿಗೂ ಅನ್ವಯಿಸುತ್ತದೆ. ಆ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ ಎಂದು ಅವರು ಹೇಳುವಂತಿಲ್ಲ. ಹೆಂಗಸರನ್ನು ಹೊತ್ತೊಯ್ಯುವುದು, ಕೂಡಿಹಾಕಿ ಬಳಸಿಕೊಳ್ಳುವುದು, ಬಂದೂಕು ತೋರಿಸಿ ಹೆಂಡತಿ ಅನ್ನಿಸುವುದು ಅಪರಾಧ. ಅದಕ್ಕೆ ಯಾವ ನೆಪವೂ ನಡೆಯದು. ನಿವೃತ್ತನಾಗಿ ಪಾಂಡವಪುರದ ನಾಲೆ ಬಯಲಿಗೆ ಬಂದು ನೆಲೆಸಿದ ಮೇಲೆ ಈ ಪಾಠ ಇನ್ನೂ ಚೆನ್ನಾಗಿ ಅರ್ಥವಾಯಿತು. ತೂಬಿನ ನೀರಿನ ಸರದಿ ಗೊತ್ತುಮಾಡಿದ ದಿನ ನಾನು ಸಭೆಗೆ ಬಂದಿರಲಿಲ್ಲ ಎಂದ ಮಾತ್ರಕ್ಕೆ ಪಕ್ಕದ ಗದ್ದೆಯ ನೀರನ್ನು ಯಾರೂ ತನ್ನ ಗದ್ದೆಗೆ ತಿರುಗಿಸಿಕೊಳ್ಳಲಾಗದು.

ಸೇನೆಯ ವೈದ್ಯಕೀಯ ವಿಭಾಗದಲ್ಲಿ ನಾನು ಗುಮಾಸ್ತನಾಗಿದ್ದೆ. ದೇಶಸೇವೆ ಎಂದು ಜನ ಊಹಿಸಿಕೊಳ್ಳುವುದರಲ್ಲಿ ಬಂದೂಕಿನ ಪಾಲು ನನಗೆ ಬಂದದ್ದು ಕಡಿಮೆ. ಸ್ಕೇಲು, ಶಾಯಿ, ರಿಜಿಸ್ಟರಿನ ಪಾಲು ಹೆಚ್ಚು. ನನ್ನ ಅಕ್ಷರ ಚೆನ್ನಾಗಿದೆ ಎಂದು ಮೂರು ಮಂದಿ ಮೇಲಧಿಕಾರಿಗಳು ಬರೆದುಕೊಟ್ಟಿದ್ದಾರೆ. ಮದುವೆಯಾಗಲಿಲ್ಲ. ಕೇಳಿದವರಿಗೆ ದೇಶಸೇವೆಯ ಕಾರಣ ಹೇಳುತ್ತೇನೆ. ನಿಜವಾಗಿ, ಹೆಣ್ಣು ಕೊಡುತ್ತೇವೆಂದು ಯಾರೂ ಬರಲಿಲ್ಲ.

ಸೇವೆಯ ಕೊನೆಗಾಲದಲ್ಲಿ ಶಾಂತಿಪಾಲನೆಯ ಪಡೆಯೊಂದಿಗೆ ಆಫ್ರಿಕಾದ ಒಂದು ದೇಶಕ್ಕೆ ನನ್ನನ್ನು ಕಳಿಸಿದರು. ಅಲ್ಲಿ ಡೇರೆಯೊಳಗಿನ ಆಸ್ಪತ್ರೆ, ಅದರ ಬಾಗಿಲಲ್ಲಿ ನನ್ನ ಮೇಜು. ಒಂದು ಬೆಳಿಗ್ಗೆ, ಕಾಡಿನಲ್ಲಿದ್ದ ಬಂಡುಕೋರ ತಂಡವೊಂದು ಮಾತುಕತೆಗೆ ಒಪ್ಪಿ, ತಾನು ಇಟ್ಟುಕೊಂಡಿದ್ದ ಹೆಂಗಸರನ್ನು ಬಿಟ್ಟು ಕಳಿಸಿತು. ಅವರು ನಡೆದೇ ಬಂದರು. ಒಬ್ಬೊಬ್ಬರನ್ನೇ ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂರಿಸಿ, ಅಲ್ಲಿಯ ಶಾಲಾ ಮೇಷ್ಟರೊಬ್ಬರನ್ನು ದುಭಾಷಿಯಾಗಿ ಪಕ್ಕಕ್ಕಿಟ್ಟುಕೊಂಡು, ನಾನು ಬರೆದುಕೊಳ್ಳತೊಡಗಿದೆ.

ಹೆಸರು, ವಯಸ್ಸು, ಎಲ್ಲಿಂದ ಬಂದದ್ದು, ಏನು ಕಾಯಿಲೆ, ಏನು ಔಷಧಿ: ಅಚ್ಚಾಗಿ ಬಂದ ರಿಜಿಸ್ಟರಿನಲ್ಲಿ ಇದ್ದ ಕಾಲಮ್ಮುಗಳು ಇಷ್ಟೆ. ನನಗೆ ಅದು ಬೋಳುಬೋಳಾಗಿ ಕಂಡಿತು. ನಮ್ಮ ಕಡೆ ಪಹಣಿಯಿರಲಿ, ಪಡಿತರ ಚೀಟಿಯಿರಲಿ, ಗಂಡಸಿಗೆ 'ಬಿನ್' ಎಂದು ಅಪ್ಪನ ಹೆಸರು, ಹೆಂಗಸಿಗೆ 'ಕೋಂ' ಎಂದು ಗಂಡನ ಹೆಸರು ಸೇರದಿದ್ದರೆ ಆ ಜೀವ ಭೂಮಿಯ ಮೇಲೆ ಪೂರ್ತಿ ಇಳಿದಂತಾಗುವುದಿಲ್ಲ. ಆದ್ದರಿಂದ ಮೊದಲ ದಿನವೇ ಕೆಂಪು ಶಾಯಿಯಲ್ಲಿ, ಸ್ಕೇಲು ಹಿಡಿದು, ಪುಟಪುಟಕ್ಕೂ ಒಂದು ಕಾಲಮ್ಮು ನಾನೇ ಎಳೆದಿದ್ದೆ: ತಂದೆ ಅಥವಾ ಗಂಡ. ಯಾರೂ ಹೇಳಿರಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ.

ಕಾಲಿನಲ್ಲಿ ಕೀವು ತುಂಬಿದ ಹುಣ್ಣಿದ್ದ ಒಬ್ಬಳು ಬಂದು ಕೂತಳು. ಇಪ್ಪತ್ತರ ಆಸುಪಾಸು. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಗಂಡನ ಹೆಸರು ಕೇಳಿದೆ. ಅವಳು ಒಂದೇ ಪದದಲ್ಲಿ ಉತ್ತರ ಕೊಟ್ಟಳು. ಗಂಡ ಇಲ್ಲವಂತೆ, ಎಂದರು ಮೇಷ್ಟರು. ಸ್ವಲ್ಪ ತಡೆದು ತಾವೇ ಸೇರಿಸಿದರು: ಮೂರು ವರ್ಷದ ಹಿಂದೆ ಹೊಲದಿಂದ ಹೊತ್ತೊಯ್ದಿದ್ದಾರೆ, ಅಂದಿನಿಂದ ತಂಡದ ನಾಯಕನ ಗುಡಿಸಲಲ್ಲಿ ಇದ್ದವಳು.

ಲೇಖನಿ ಕಾಗದದ ಮೇಲೆಯೇ ಇತ್ತು. ಆ ಜಾಗವನ್ನು ಖಾಲಿ ಬಿಡಬೇಕಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ನಾಗಮಂಗಲದ ಆಸ್ಪತ್ರೆ. ನಾನು ಕಾಲೇಜು ಓದುತ್ತಿದ್ದ ಕಾಲದಲ್ಲಿ, ಗಂಡ ಬಡಿದು ಓಡಿಸಿದ ನನ್ನ ಅಕ್ಕನನ್ನು ಅಪ್ಪ ಮತ್ತು ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಗಂಡನ ಹೆಸರಿನ ಜಾಗ ಖಾಲಿ ಇದೆಯಲ್ಲ ಎಂದು ಕಾಂಪೌಂಡರು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿದ್ದ. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಆ ಅವಮಾನ ಈ ಹುಡುಗಿಗೆ ಬೇಡವೆನ್ನಿಸಿತು. ಮುಂದೆ ಎಲ್ಲಾದರೂ ಈ ಕಾಗದ ತೋರಿಸಬೇಕಾಗಿ ಬಂದರೆ ಮರ್ಯಾದೆಗೆ ಒಂದು ಹೆಸರಿರಲಿ ಎಂದುಕೊಂಡು, 'ಇಂಥವನ ಹೆಂಡತಿ' ಎಂದು ಆ ನಾಯಕನ ಹೆಸರು ಬರೆದೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ತಾನು ಹೇಳಿದ್ದು ಒಂದು ಪದ, ಈತ ಇಷ್ಟು ಹೊತ್ತು ಏನು ಬರೆಯುತ್ತಿದ್ದಾನೆ ಎಂಬಂತೆ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಹಿಂದೆ ಬಂದ ಹೆಂಗಸರಿಗೂ ಅದೇ ಉಪಕಾರ ಮಾಡಿದೆ.

ಇದಾಗಿ ಹತ್ತು ವರ್ಷಕ್ಕೂ ಹೆಚ್ಚು. ಕಳೆದ ವರ್ಷ ಒಂದು ಪತ್ರ ಬಂತು. ನನ್ನ ಪಿಂಚಣಿ ಕಾಗದಗಳಲ್ಲಿ ಇದ್ದದ್ದು ಕೆ.ಆರ್. ಪೇಟೆಯ ಹಳೆಯ ವಿಳಾಸ. ಅಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರ ಮನೆಯಲ್ಲಿ ಒಂದೆರಡು ವರ್ಷ ಬಾಡಿಗೆಗೆ ಇದ್ದೆ. ಪತ್ರ ಅವರ ಕೈಗೆ ಸೇರಿತು. ಅಂಚೆಯವರು ತಪ್ಪಿ ಕೊಟ್ಟ ಕಾಗದವನ್ನು ಒಡೆಯಬಾರದು ಎಂಬ ನಿಯಮ ಅವರಿಗೆ ಗೊತ್ತಿತ್ತು. ಒಡೆದಾದ ಮೇಲೆ ನೆನಪಾಯಿತಂತೆ. ಫೋನು ಮಾಡಿದರು.

"ಸಾ, ಫಾರಿನ್ ಕೋರ್ಟಿಂದ ಕಾಗ್ಜ ಬಂದದೆ. ಯಾವ್ದೋ ಎಂಗ್ಸಿನ ಇಚಾರ ಇದ್ದಂಗದೆ. ನಾನು ಯಾರ್ಗೂ ಯೋಳಕೋಗಿಲ್ಲ."

ನಾನು ಕೆ.ಆರ್. ಪೇಟೆಯಿಂದ ಪತ್ರ ತಂದು ಪಾಂಡವಪುರದಲ್ಲಿ ಬಸ್ಸು ಇಳಿಯುವಷ್ಟರಲ್ಲಿ, ಅವರು ಯಾರಿಗೂ ಹೇಳದ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಆಫ್ರಿಕಾದಲ್ಲಿ ನನಗೊಂದು ಸಂಸಾರವಿದೆ, ಆಕೆ ಜೀವನಾಂಶಕ್ಕೆ ಕೇಸು ಹಾಕಿದ್ದಾಳೆ, ಎರಡು ಮಕ್ಕಳು. ಬೆಳಗಿನ ಚಹಾಕ್ಕೆ ನಾನು ಕೂರುತ್ತಿದ್ದ ಬೆಂಚಿನಲ್ಲಿ ನನ್ನ ಎರಡೂ ಪಕ್ಕ ಜಾಗ ತೆರವಾಯಿತು. ಇಡೀ ಜೀವಮಾನದಲ್ಲಿ ನನ್ನನ್ನು ಯಾರೂ ಇಷ್ಟು ರಸಿಕನೆಂದು ಭಾವಿಸಿದ್ದಿಲ್ಲ. ನಿಜ ಹೇಳಿ ಆ ಗೌರವವನ್ನು ಕಳೆದುಕೊಳ್ಳಬಹುದಿತ್ತು. ಆದರೆ ಸಾಕ್ಷಿಯ ವಿಷಯ ಯಾರೊಂದಿಗೂ ಆಡಕೂಡದೆಂದು ಪತ್ರದಲ್ಲಿ ಬರೆದಿತ್ತು. ಆಡದೆ ಉಳಿದೆ. ಮನೆಯಲ್ಲಂತೂ ಆಡಲು ಯಾರೂ ಇರಲಿಲ್ಲವಾದ್ದರಿಂದ ಆ ಭಾಗವನ್ನು ಪಾಲಿಸುವುದು ಕಷ್ಟವಾಗಲಿಲ್ಲ.

ತಿಂಗಳ ನಂತರ, ಪತ್ರ ಕಳಿಸಿದ್ದ ಯುದ್ಧಾಪರಾಧಗಳ ಅಂತರರಾಷ್ಟ್ರೀಯ ನ್ಯಾಯಾಲಯದ ಒಬ್ಬ ಅಧಿಕಾರಿಣಿ ಶ್ರೀರಂಗಪಟ್ಟಣಕ್ಕೆ ಬಂದು, ಹೊಳೆದಂಡೆಯ ಲಾಡ್ಜೊಂದರಲ್ಲಿ ನನ್ನನ್ನು ಕರೆಸಿಕೊಂಡರು. ಮೇಜಿನ ಮೇಲೆ ನನ್ನ ರಿಜಿಸ್ಟರಿನ ಒಂದು ಪುಟದ ನಕಲು ಇಟ್ಟರು. ನನಗೆ ಮೊದಲು ಉಂಟಾದದ್ದು ಹೆಮ್ಮೆ ಎಂಬುದನ್ನು ಮರೆಮಾಚುವುದಿಲ್ಲ. ನಕಲಿನಲ್ಲಿಯೂ ಅಕ್ಷರ ಮುತ್ತಿನಂತೆ ಇತ್ತು.

ಅವರು ಬೆರಳಿಟ್ಟು ತೋರಿಸಿದ್ದು ನಾನೇ ಎಳೆದ ಕಾಲಮ್ಮನ್ನು. ವಿಷಯವನ್ನು ಸರಳವಾಗಿ ಹೇಳಿದರು. ಆ ನಾಯಕ ಸಿಕ್ಕಿಬಿದ್ದಿದ್ದಾನೆ, ವಿಚಾರಣೆ ನಡೆಯುತ್ತಿದೆ. ಆ ಹೆಂಗಸು ಧೈರ್ಯ ಮಾಡಿ ಬಂದು, ತನ್ನನ್ನು ಹೊತ್ತೊಯ್ದು ಮೂರು ವರ್ಷ ಗುಲಾಮಳಾಗಿ ಇಟ್ಟುಕೊಂಡ ಎಂದು ಸಾಕ್ಷಿ ಹೇಳಿದ್ದಾಳೆ. ಅವನ ವಕೀಲರು ಈ ಪುಟ ತೋರಿಸಿ, ನೀನು ಅವನ ಹೆಂಡತಿ, ಬಿಡುಗಡೆಯಾದ ದಿನವೇ ಆಸ್ಪತ್ರೆಯಲ್ಲಿ ನೀನೇ ಹಾಗೆ ಬರೆಸಿದ್ದೀಯೆ ಎನ್ನುತ್ತಿದ್ದಾರೆ. ಅವಳು ಬರೆಸಿಲ್ಲ ಎನ್ನುತ್ತಾಳೆ. ಮೇಷ್ಟರು ತೀರಿಕೊಂಡಿದ್ದಾರೆ. ಉಳಿದವನು ನಾನೊಬ್ಬ. ಆ ಸಾಲು ನಿಂತರೆ ಅವಳ ಮೂರು ವರ್ಷ ದಾಂಪತ್ಯವಾಗುತ್ತದೆ.

ಅದು ನಮ್ಮ ಕಡೆಯ ಪದ್ಧತಿ, ಹೆಂಗಸರಿಗೆ ಗಂಡನ ಹೆಸರು ಬರೆಯುವುದು ವಾಡಿಕೆ ಎಂದೆ. ಅವರು 'ಪದ್ಧತಿ' ಎಂದು ಬರೆದುಕೊಂಡರು. ಅವಳು ಏನು ಹೇಳಿದ್ದಳು ಎಂದು ಕೇಳಿದರು. ಬಹಳ ದಿನವಾಯಿತು, ನೆನಪು ಮಾಡಿಕೊಳ್ಳಬೇಕು ಎಂದೆ. ನೆನಪು ಚೆನ್ನಾಗಿಯೇ ಇತ್ತು. ಆದರೆ ಅವರು ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಒಂದು ಸಾಲು ಸುಳ್ಳು ಎಂದು ನೀವು ಒಪ್ಪಿದರೆ, ಆ ವಕೀಲರು ಉಳಿದ ಸಾಲುಗಳ ಬಗ್ಗೆಯೂ ಕೇಳುತ್ತಾರೆ. ಪದ್ಧತಿ ಎಂಬ ಮಾತಿನ ಹಿಂದೆ ನಿಂತರೆ ನನ್ನ ರಿಜಿಸ್ಟರು ಉಳಿಯುತ್ತಿತ್ತು. ಅವಳ ಮಾತು ಅರ್ಧಕ್ಕೆ ತೂಗಾಡುತ್ತಿತ್ತು.

ಹತ್ತಿಪ್ಪತ್ತು ದಿನ ನಾನು ಯಾರೊಂದಿಗೂ ಮಾತಾಡಲಿಲ್ಲ. ಇದರಲ್ಲಿ ಪ್ರತಿಜ್ಞೆಯೇನೂ ಇರಲಿಲ್ಲ, ಸಂದರ್ಭ ಬರಲಿಲ್ಲ ಅಷ್ಟೆ. ಒಬ್ಬನಿಗೇ ಅನ್ನ ಬೇಯಿಸಿದೆ, ಬಟ್ಟೆ ಒಗೆದೆ, ಅಂಗಡಿಯಲ್ಲಿ ಬೇಕಾದ್ದನ್ನು ಬೆರಳಿನಿಂದ ತೋರಿಸಿದೆ. ಒಂದು ದಿನ ಗ್ಯಾಸಿನವನು ಸಹಿ ಮಾಡಿ ಎಂದಾಗ ಆಗಲಿ ಎಂದೆ. ದನಿ ಒಡೆದು ಹೊರಟಿತು, ಬೇರೆ ಯಾರದೋ ಎಂಬಂತೆ. ಮರುದಿನ ಬೆಳಿಗ್ಗೆ ನಾಗಮಂಗಲದ ಬಸ್ಸು ಹತ್ತಿದೆ. ಅಲ್ಲಿಂದ ಬಿಂಡಿಗನವಿಲೆಯ ಬಸ್ಸು, ಅದರಿಂದಾಚೆ ಕಾಲ್ನಡಿಗೆ. ಅಕ್ಕ ಅಲ್ಲಿ ಕುರಿ ಸಾಕಿಕೊಂಡಿದ್ದಾಳೆ. ಗಂಡನ ಮನೆಗೆ ತಿರುಗಿ ಹೋಗಲಿಲ್ಲ, ನಮ್ಮ ಮನೆಯಲ್ಲೂ ಉಳಿಯಲಿಲ್ಲ. ನಾಲ್ಕು ಕುರಿಯಿಂದ ಹಿಡಿದು ತನ್ನ ಬದುಕನ್ನು ತಾನೇ ಮಾಡಿಕೊಂಡವಳು.

ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕತ್ತು ಚಾಚಿ ನೋಡಿದಳು.

"ಒಬ್ನೇ ಬಂದ್ಯಾ? ಅಲ್ಲೆಲ್ಲೋ ಎರಡು ಮಕ್ಳವ್ರೆ ಅಂತ ಯೋಳ್ತಿದ್ರು. ಒಬ್ನಾದ್ರೂ ಕುರಿ ಮೇಯ್ಸಕ್ಕೆ ಆಗ್ತನೆ ಅಂತ ನಾನು ಕಾಯ್ತಾ ಕೂತಿವ್ನಿ ಕಣ್ಲಾ."

ಮಕ್ಕಳಿಲ್ಲ ಎಂದೆ. ಅವಳು ನಿಜವಾಗಿಯೂ ಸ್ವಲ್ಪ ನಿರಾಶಳಾದಂತೆ ಕಂಡಳು.

ನ್ಯಾಯಾಲಯಕ್ಕೆ ಕೊಟ್ಟ ಮಾತನ್ನು ಅವತ್ತು ಮುರಿದೆ. ಹೆಸರು, ದೇಶ ಬಿಟ್ಟು ಉಳಿದದ್ದನ್ನು ಹೇಳಿದೆ: ಒಬ್ಬ ಹೆಣ್ಣುಮಗಳು, ಬಂದೂಕಿನವರು ಹೊತ್ತೊಯ್ದದ್ದು, ನಾನು ಮಾಡಿದ ಉಪಕಾರ. ಅಕ್ಕ ಕೇರುವುದನ್ನು ನಿಲ್ಲಿಸಲಿಲ್ಲ. ಯಾಕೆ ಹಾಗೆ ಬರೆದೆ ಎಂದು ಮಾತ್ರ ಕೇಳಿದಳು. ನೀನೇ ನೆನಪಾದೆ ಎಂದೆ. ನಾಗಮಂಗಲದ ಆಸ್ಪತ್ರೆ, ಖಾಲಿ ಜಾಗ, ಕಾಂಪೌಂಡರು ಕೂಗಿದ್ದು, ಅವಳು ತಲೆ ತಗ್ಗಿಸಿದ್ದು.

ಮೊರ ನಿಂತಿತು.

"ಖಾಲಿ ಅದೆ ಅಂತ ತಲೆ ತಗ್ಗಿಸ್ನಿಲ್ಲ ಕಣ್ಲಾ. ಖಾಲಿ ಬುಡಿ ಅಂತ ನಾನೇ ಅಂದಿದ್ದು. ಆಮ್ಯಾಕೆ ಅಪ್ಪ ಅವನ ಎಸ್ರು ಬರೆಸ್ತಲ್ಲ, ಆವಾಗ ತಗ್ಗಿಸ್ದೆ. ಕೈ ಮುರ್ದವ್ನ ಎಸ್ರು, ಕೈ ಕಟ್ಸೋ ಚೀಟಿ ಮ್ಯಾಲೆ."

ನಾನು ಅಲ್ಲೇ ನಿಂತಿದ್ದೆ, ನೋಡಿದ್ದೆ. ಮೂವತ್ತೈದು ವರ್ಷ ಆ ದೃಶ್ಯವನ್ನು ಒಬ್ಬ ಜವಾಬ್ದಾರಿಯುತ ಗುಮಾಸ್ತನಂತೆ ಜೋಪಾನವಾಗಿ ಇಟ್ಟುಕೊಂಡಿದ್ದೆ, ತಪ್ಪು ಕಾಲಮ್ಮಿನಲ್ಲಿ. ನನಗೆ ಗೊತ್ತಿರಲಿಲ್ಲ ಎಂದು ಏನೋ ಗೊಣಗಿದೆ.

"ನೀನು ಕೇಳ್ನಿಲ್ಲ. ಓಗ್ಲಿ ಬುಡು. ಈಗ ಅಲ್ಲಿ ಏನ್ ಯೋಳ್ತೀಯ?"

"ಅದು ನಮ್ಮ ಕಡೆ ಪದ್ಧತಿ ಅಂತ."

"ನಮ್ ಕಡೆ ಅಂದ್ರೆ ಯಾರು? ನಾನೂ ಈ ಕಡೆಯವಳೇ. ನನ್ನ ಸೇರಿಸ್ಬ್ಯಾಡ. ಅವಳು ಏನಂದ್ಲು ಅಂತ ತಾನೇ ಕೇಳ್ತಾವ್ರೆ? ಅದ್ನ ಯೋಳು."

ಮತ್ತೆ ಕೇರತೊಡಗಿದಳು. ಮಧ್ಯಾಹ್ನ ಮುದ್ದೆ ಉಣ್ಣಿಸಿದಳು. ಮಾತು ಕುರಿಗಳ ಕಾಲುಬೇನೆಯ ಕಡೆಗೆ ಹೋಯಿತು, ಅಲ್ಲಿಯೇ ಉಳಿಯಿತು. ಸಂಜೆಯ ಬಸ್ಸಿಗೆ ಹೊರಟಾಗ ರಸ್ತೆಯವರೆಗೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಕುರಿ ದೊಡ್ಡಿಗೆ ಬರುವ ಹೊತ್ತು ಎಂದಳು. ಅದು ನಿಜವೂ ಆಗಿತ್ತು.

ನನ್ನ ಸಾಕ್ಷ್ಯವನ್ನು ಶ್ರೀರಂಗಪಟ್ಟಣದ ಕೋರ್ಟಿನ ವಿಡಿಯೋ ಕೊಠಡಿಯಲ್ಲಿ ಪಡೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಪರದೆಯಲ್ಲಿ ನಾನು ಕಂಡದ್ದು ಕತ್ತಿನಿಂದ ಮೇಲೆ ಮಾತ್ರ. ನ್ಯಾಯಾಧೀಶರು ಮೂವರು. ಒಂದು ಮೂಲೆಯಲ್ಲಿ ಆ ನಾಯಕ ಕಿವಿಗೆ ಯಂತ್ರ ಹಾಕಿಕೊಂಡು ಕೂತಿದ್ದ. ನಾನು ಎದುರುನೋಡಿದ್ದು ರಾಕ್ಷಸನನ್ನು. ಕಂಡದ್ದು ತಾಲ್ಲೂಕು ಕಚೇರಿಯಲ್ಲಿ ನಾಳೆ ಬನ್ನಿ ಎನ್ನುವಂಥ ಮುಖ. ಅವಳು ಎಲ್ಲಿಯೂ ಕಾಣಲಿಲ್ಲ. ಬೇರೆ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿದ್ದಾಳೆ ಎಂದಷ್ಟೇ ಹೇಳಿದರು.

ಕನ್ನಡದಲ್ಲಿ ಹೇಳುತ್ತೇನೆ ಎಂದಿದ್ದೆ. ಅದಕ್ಕೆಂದು ಎಲ್ಲಿಂದಲೋ ಒಬ್ಬ ದುಭಾಷಿ ಮಹಿಳೆಯನ್ನು ಹುಡುಕಿದ್ದರು. ಅವರದು ಧಾರವಾಡದ ಕಡೆಯ ಕನ್ನಡ. ಮಾತುಮಾತಿಗೂ ಹೇಳ್ರೀ, ಕೇಳ್ರೀ ಎನ್ನುತ್ತಿದ್ದರು. ನನ್ನನ್ನು ಇಷ್ಟು ಸಲ 'ರೀ' ಎಂದ ಹೆಂಗಸು ಈ ಜನ್ಮದಲ್ಲಿ ಅವರೊಬ್ಬರೇ. ಮುಂದಿನ ಪ್ರಶ್ನೆಗೆ ಕಿವಿಗೊಟ್ಟು ಕೂತಿದ್ದರಿಂದ ಅದನ್ನು ಆಗ ಅನುಭವಿಸಲಾಗಲಿಲ್ಲ.

ಆರೋಪ ಹೊರಿಸಿದ ಪಕ್ಷದ ವಕೀಲೆ ಕೇಳಿದ್ದು ಬೇಗ ಮುಗಿಯಿತು. ಆಮೇಲೆ ನಾಯಕನ ವಕೀಲರು ಎದ್ದರು. ಬಹಳ ವಿನಯವಂತರು. ಮೊದಲು ನನ್ನ ಸೇವಾವಧಿಯನ್ನು, ಅಕ್ಷರದ ಬಗ್ಗೆ ಮೇಲಧಿಕಾರಿಗಳು ಬರೆದುಕೊಟ್ಟದ್ದನ್ನು ಓದಿಸಿ ನನ್ನನ್ನು ಎತ್ತರದಲ್ಲಿ ಕೂರಿಸಿದರು. ಇಷ್ಟು ನಿಖರವಾದ ವ್ಯಕ್ತಿ ಇಲ್ಲದ್ದನ್ನು ಬರೆಯುವುದುಂಟೆ ಎಂದರು. ಆ ದೇಶದಲ್ಲಿ ಮದುವೆಗೆ ಕಾಗದವಿರುವುದಿಲ್ಲ, ಒಟ್ಟಿಗೆ ಬಾಳುವುದೇ ಮದುವೆ, ನಿಮ್ಮ ದೇಶದ ಹಿರಿಯರಂತೆ ನೀವೂ ಅದನ್ನು ಕಂಡು ಗೌರವಿಸಿದಿರಿ, ಅಲ್ಲವೆ ಎಂದರು. ಅವರು ಹೌದು ಎನ್ನಿಸಲು ಇಟ್ಟ ಪೀಠ ಮೆತ್ತಗಿತ್ತು. ಕೂರಬಹುದಿತ್ತು.

"ಇಲ್ಲ. ಗಂಡನ ಹೆಸರೇನು ಅಂತ ಕೇಳಿದೆ. ಗಂಡ ಇಲ್ಲ ಅಂದಳು. ಅದು ನನಗೆ ಚೆನ್ನಾಗಿ ಕೇಳಿಸಿತು. ಕೇಳಿಸಿದ ಮೇಲೂ ಇವನ ಹೆಸರು ಬರೆದೆ."

ಹಾಗಾದರೆ ಅದು ಸುಳ್ಳು ದಾಖಲೆಯೇ ಎಂದರು. ಸುಳ್ಳು ಎಂದೆ. ಆ ಕಾಲಮ್ಮನ್ನು ಸೇರಿಸಲು ಆಜ್ಞೆ ಇತ್ತೆ ಎಂದರು. ಇರಲಿಲ್ಲ, ನಾನೇ ಎಳೆದದ್ದು. ಆಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅದೇ ವಿನಯದಿಂದ, ಈ ರಿಜಿಸ್ಟರಿನಲ್ಲಿ ರೋಗಿ ಹೇಳಿದ್ದನ್ನು ಬಿಟ್ಟು ನಿಮಗೆ ಸರಿ ಕಂಡದ್ದನ್ನು ಇನ್ನೆಷ್ಟು ಕಡೆ ಬರೆದಿದ್ದೀರಿ ಎಂದು ಕೇಳಿದರು.

ನಾನು ಲೆಕ್ಕ ಹಾಕುತ್ತಿದ್ದೇನೆ ಎಂದು ದುಭಾಷಿ ತಿಳಿದುಕೊಂಡರು. "ಸಾವಕಾಶ ಹೇಳ್ರಿ," ಎಂದರು.

ಅಂದು ಬಂದ ಹೆಂಗಸರ ಸಾಲಿನಲ್ಲೆಲ್ಲ ಎಂದೆ. ವಯಸ್ಸು ಗೊತ್ತಿಲ್ಲ ಎಂದವರಿಗೆ ಅಂದಾಜಿನಲ್ಲಿ ಹಾಕಿದ್ದನ್ನೂ, ಊರಿನ ಹೆಸರು ಸರಿಯಾಗಿ ಕೇಳಿಸದಿದ್ದಾಗ ಹತ್ತಿರದ್ದೊಂದನ್ನು ಬರೆದದ್ದನ್ನೂ ಹೇಳಿದೆ. ಯಾರೂ ಅಷ್ಟು ದೂರ ಕೇಳಿರಲಿಲ್ಲ. ಶುರುಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ವಕೀಲರು ಇನ್ನು ಪ್ರಶ್ನೆಗಳಿಲ್ಲ ಎಂದು ಕೂತರು. ನಾಯಕ ಕಿವಿಯ ಯಂತ್ರವನ್ನು ಸರಿಮಾಡಿಕೊಂಡ. ಪರದೆ ಕಪ್ಪಾಯಿತು, ಅದರಲ್ಲಿ ನನ್ನ ಅಂಗಿಯ ಕಾಲರು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಹೊರಗೆ ಬಂದಾಗ ಇನ್ನೂ ಮಧ್ಯಾಹ್ನ. ಹೋಟೆಲಿನಲ್ಲಿ ಕೂತು ಇಡ್ಲಿ ತರಿಸಿದೆ. ಎದುರು ಕೂತಿದ್ದ ಅಪರಿಚಿತ ಯಜಮಾನರೊಬ್ಬರು, ಕೋರ್ಟಿಗೆ ಬಂದಿದ್ರಾ, ಏನು ಕೇಸು, ಜಮೀನಿಂದಾ, ಎಂದು ವಿಚಾರಿಸಿದರು. ಹೌದು, ಜಮೀನಿಂದೇ, ಎಂದೆ. ಗಡಿ ಕಲ್ಲಿನ ತಕರಾರುಗಳ ಬಗ್ಗೆ ಅವರು ಅರ್ಧ ಗಂಟೆ ಮಾತಾಡಿದರು. ಸಾಂಬಾರು ಆರಿಹೋಗುವವರೆಗೂ ನಾನು ಕೇಳುತ್ತ ಕೂತೆ. ಇಷ್ಟು ದಿನಗಳ ಮೇಲೆ ಒಬ್ಬ ಮನುಷ್ಯ ನನ್ನ ಮುಖ ನೋಡಿ ಮಾತಾಡುತ್ತಿದ್ದ. ಎದ್ದು ಹೋಗಲು ಮನಸ್ಸಾಗಲಿಲ್ಲ.

ಪಾಂಡವಪುರದ ಬೆಂಚಿನಲ್ಲಿ ಈಗಲೂ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಆಫ್ರಿಕಾದ ಮಕ್ಕಳಲ್ಲಿ ಒಬ್ಬನು ಓದಿನಲ್ಲಿ ಮುಂದಿದ್ದಾನೆ ಎಂಬ ಹೊಸ ಸುದ್ದಿ ಬಂದಿದೆ. ಅಕ್ಕನಿಗೆ ಫೋನು ಮಾಡಿ, ಅವಳು ಅಂದದ್ದನ್ನೇ ಹೇಳಿದೆ, ಅಂದೆ. ಊಂ ಅಂದಳು.

ತೀರ್ಪು ಮೊನ್ನೆ ಬಂತು. ಅಧಿಕಾರಿಣಿ ನನ್ನ ಫೋನಿಗೆ ಸಾರಾಂಶ ಕಳಿಸಿದ್ದಾರೆ. ನನ್ನ ರಿಜಿಸ್ಟರು ನಂಬಲರ್ಹ ದಾಖಲೆಯಲ್ಲವೆಂದು ಅದನ್ನು ಪೂರ್ತಿಯಾಗಿ ಕೈಬಿಟ್ಟಿದ್ದಾರೆ. ಆ ಹೆಂಗಸಿನ ವಿಷಯದಲ್ಲಿ, ಅವಳ ಮಾತಿನ ಆಧಾರದ ಮೇಲೆಯೇ, ಆರೋಪ ಸಾಬೀತಾಗಿದೆ.